ವಿದ್ಯಾರ್ಥಿ ನಿಲಯದಲ್ಲಿ ಬೆಂಕಿ: ಪ್ಲಗ್, ಬ್ಯಾಟರಿ, ಬಾಗಿಲು, ಅಲಾರ್ಮ್ – ಬಲ್ಲವರು ವಿವರವಾಗಿ ಹೇಳಿ

ವಸತಿ ಸಮಿತಿ

ಹೊಸಬರು ಬಂದು ಸೇರುವ ಮೊದಲು ಪ್ರತಿ ಕೋಣೆಗೂ ಕೊಡಲು ಬೆಂಕಿ ಸುರಕ್ಷತೆಯ ಒಂದು ಹಾಳೆ ಬರೆಯುತ್ತಿದ್ದೇವೆ. ಗೋಡೆ ಮೇಲೆ ಈಗಿರುವ ಸೂಚನೆಗಳಲ್ಲಿ ‘ವಿದ್ಯುತ್ ಉಪಕರಣಗಳನ್ನು ಜಾಗ್ರತೆಯಿಂದ ಬಳಸಿ’ ಎಂಬಂಥ ಮಾತುಗಳೇ ತುಂಬಿವೆ. ಅದನ್ನು ಓದಿದವರಿಗೆ ಯಾವ ಪ್ಲಗ್ ಕೀಳಬೇಕು, ಯಾವುದನ್ನು ಬಿಡಬಹುದು ಅನ್ನುವುದು ತಿಳಿಯುವುದಿಲ್ಲ. ವಿಷಯ ಗೊತ್ತಿರುವವರು ಅಳತೆ, ಅಂಕಿ, ಕಾರಣ ಸಮೇತ ಹೇಳಿ. ಮೂರು ಪ್ರಶ್ನೆಗಳಿಂದ ಶುರು ಮಾಡೋಣ. ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಏನೇನು ಹಾಕಬಹುದು? ರಾತ್ರಿ ಅಲಾರ್ಮ್ ಹೊಡೆದುಕೊಂಡರೆ ಕೋಣೆಯಲ್ಲಿರುವವರು ಮೊದಲು ಏನು ಮಾಡಬೇಕು? ಪ್ರತಿ ಕೋಣೆಗೂ ಬೆಂಕಿ ಆರಿಸುವ ಸಿಲಿಂಡರ್, ಅಂದರೆ ಎಕ್ಸ್‌ಟಿಂಗ್ವಿಷರ್, ಒಂದು ಕೊಡುವುದು ಸರಿಯೇ?

ಲೈನ್‌ಮನ್

ಮೊದಲನೆಯದು ನನ್ನ ಕೆಲಸದ ವಿಷಯ. ಬೋರ್ಡಿನಲ್ಲಿ ಎಷ್ಟು ಸಾಕೆಟ್ ಖಾಲಿ ಇದೆ ಅನ್ನುವುದನ್ನು ಮರೆತುಬಿಡಿ. ಬೋರ್ಡಿನ ಹಿಂದೆ ಎಷ್ಟು ಆಂಪಿಯರ್ ಎಂದು ಬರೆದಿದೆ, ಹಾಕುವ ಸಾಮಾನಿನ ಮೇಲೆ ಎಷ್ಟು ವಾಟ್ ಎಂದಿದೆ, ಇವೆರಡೇ ಲೆಕ್ಕಕ್ಕೆ ಬರುವುದು. ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 230 ವೋಲ್ಟ್ ಇರುವ ಕಡೆ 6 ಆಂಪಿಯರ್ ಬೋರ್ಡು ತಡೆಯುವುದು 1380 ವಾಟ್. ಸಾಧಾರಣ ಕೆಟಲ್ ಒಂದೇ 1500 ವಾಟ್ ಎಳೆಯುತ್ತದೆ. ಅದೇ ಲ್ಯಾಪ್‌ಟಾಪ್ ಚಾರ್ಜರ್ 65 ವಾಟ್, ಫೋನಿನದು 20–30, ಎಲ್‌ಇಡಿ ಮೇಜುದೀಪ 10. ಇಂಥವು ನಾಲ್ಕೈದು ಸೇರಿದರೂ ಬೋರ್ಡಿಗೆ ಭಾರವಲ್ಲ. 120 ವೋಲ್ಟಿನ ದೇಶಗಳಲ್ಲಿ ಓದುತ್ತಿರುವವರು ಇನ್ನೂ ಬಿಗಿಯಾಗಿ ಲೆಕ್ಕ ಹಾಕಬೇಕು. ಅಲ್ಲಿ ಅದೇ 1500 ವಾಟಿಗೆ 12.5 ಆಂಪಿಯರ್ ಹರಿಯುತ್ತದೆ.

ಹಾಳೆಯಲ್ಲಿ ಹೀಗೆ ಬರೆಯಿರಿ: ಬಿಸಿ ಮಾಡುವ ಯಾವ ಸಾಮಾನೂ ಎಕ್ಸ್‌ಟೆನ್ಷನ್‌ಗೆ ಹಾಕಕೂಡದು. ಕೆಟಲ್, ಇಸ್ತ್ರಿ ಪೆಟ್ಟಿಗೆ, ಹೇರ್ ಡ್ರೈಯರ್, ರೂಮ್ ಹೀಟರ್, ಇಂಡಕ್ಷನ್ ಒಲೆ, ಎಲ್ಲಕ್ಕೂ ನೇರ ಗೋಡೆಯ ಸಾಕೆಟ್, ಅದೂ ಒಂದು ಸಲಕ್ಕೆ ಒಂದೇ.

ಕಾರಣ ಇದು. 6 ಆಂಪಿಯರಿಗೆ ಸಾಮಾನ್ಯವಾಗಿ 0.75 ಚದರ ಮಿ.ಮೀ. ವೈರ್ ಇರುತ್ತದೆ, 10ಕ್ಕೆ 1, 16ಕ್ಕೆ 1.5. ಆ ಸಣ್ಣ ವೈರಿನ ಬೋರ್ಡಿಗೆ 1500 ವಾಟ್ ಕೆಟಲ್, 1000 ವಾಟ್ ಇಸ್ತ್ರಿ ಪೆಟ್ಟಿಗೆ ಒಟ್ಟಿಗೆ ಹಾಕಿದರೆ ಸುಮಾರು 11 ಆಂಪಿಯರ್ ಹರಿಯುತ್ತದೆ. ವೈರಿನಲ್ಲಿ ಹುಟ್ಟುವ ಕಾವು ಕರೆಂಟಿನ ವರ್ಗದಂತೆ ಏರುತ್ತದೆ. ಹಾಗಾಗಿ 6ರ ಜಾಗದಲ್ಲಿ 11 ಹರಿದಾಗ ಕಾವು ಮೂರು ಪಟ್ಟಿಗೂ ಜಾಸ್ತಿ. ಉಳಿದ ವೈರನ್ನು ಸುರುಳಿ ಸುತ್ತಿ ಕಟ್ಟಿ ಮಂಚದಡಿ ತಳ್ಳಿದ್ದರೆ ಆ ಕಾವು ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಚಾಪೆಯ ಕೆಳಗೆ ಹಾಯಿಸಿದರೂ ಅಷ್ಟೇ, ಜೊತೆಗೆ ಕಾಲ್ತುಳಿತಕ್ಕೆ ಒಳಗಿನ ಎಳೆಗಳು ಒಂದೊಂದಾಗಿ ಮುರಿಯುತ್ತವೆ. ಒಂದು ಬೋರ್ಡಿಗೆ ಇನ್ನೊಂದು ಬೋರ್ಡು ಸಿಕ್ಕಿಸುವುದಂತೂ ಬೇಡವೇ ಬೇಡ. ಎರಡನೇ ಬೋರ್ಡಿನ ಭಾರವೆಲ್ಲ ಮೊದಲನೆಯದರ ಒಂದು ಸಾಕೆಟ್ ಮೇಲೆ ಬೀಳುತ್ತದೆ.

ಎರಡನೇ ಮಹಡಿ

ಸರ್, ಲೋಡ್ ಜಾಸ್ತಿಯಾದರೆ ಕರೆಂಟ್ ಕಡಿಯುವ ಸ್ವಿಚ್, ಅದೇ ಎಂಸಿಬಿ, ತಾನಾಗಿ ಬೀಳುತ್ತದಲ್ವಾ? ಬಿದ್ದಿಲ್ಲ ಅಂದರೆ ಎಲ್ಲ ಸರಿ ಇದೆ ಅಂತ ತಾನೇ?

ಲೈನ್‌ಮನ್

ಇಲ್ಲಪ್ಪ, ತುಂಬಾ ಜನ ನಂಬಿ ಕೂತಿರುವುದು ಇದನ್ನೇ. ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು, ನಿನ್ನ ಬೋರ್ಡಿನ ವೈರನ್ನಲ್ಲ. ಅದರ ಮಾನಕವೇ ಹೀಗಿದೆ: ನಮೂದಿಸಿದ ಕರೆಂಟಿನ 1.13 ಪಟ್ಟು ಒಂದು ಗಂಟೆ ಹರಿದರೂ ಬೀಳಕೂಡದು, 1.45 ಪಟ್ಟಾದರೆ ಒಂದು ಗಂಟೆಯೊಳಗೆ ಬೀಳಬೇಕು. 16 ಆಂಪಿಯರ್ ಎಂಸಿಬಿಗೆ ಇದು ಸುಮಾರು 18 ಮತ್ತು 23 ಆಂಪಿಯರ್ ಆಗುತ್ತದೆ. ಮೇಲೆ ಹೇಳಿದ 11 ಆಂಪಿಯರ್ ಅದರ ಗಮನಕ್ಕೂ ಬರುವುದಿಲ್ಲ.

ಅದಕ್ಕಿಂತ ಕೆಟ್ಟದ್ದು ಲೂಸ್ ಕಾಂಟ್ಯಾಕ್ಟ್. ಸಾಕೆಟ್ಟಿನೊಳಗಿನ ಹಿತ್ತಾಳೆ ಪಟ್ಟಿ ಸಡಿಲವಾಗಿ ಪಿನ್ನನ್ನು ಸರಿಯಾಗಿ ಹಿಡಿಯದೆ ಅರ್ಧ ಓಮ್ ತಡೆ ಉಂಟಾಯಿತು ಎಂದುಕೊಳ್ಳಿ. 10 ಆಂಪಿಯರ್ ಹರಿದರೆ ಆ ಒಂದು ಬಿಂದುವಿನಲ್ಲಿ 50 ವಾಟ್ ಕಾವು. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನಿನ ಕಾವೂ ಅಷ್ಟೇ. ಕರೆಂಟ್ ಮಾಮೂಲಿಯಾಗಿಯೇ ಹರಿಯುತ್ತಿರುವುದರಿಂದ ಎಂಸಿಬಿಗೆ ಸುಳಿವು ಸಿಗುವುದಿಲ್ಲ. ಭೂಮಿಗೆ ಸೋರುವ ಕರೆಂಟನ್ನು ಹಿಡಿಯುವ 30 ಮಿಲಿಆಂಪಿಯರ್ ಆರ್‌ಸಿಡಿಗೂ ಸಿಗುವುದಿಲ್ಲ. ಅದನ್ನು ಹಿಡಿಯಬೇಕಾದ್ದು ನಿಮ್ಮ ಕಣ್ಣು, ಕೈ, ಮೂಗು.

ಕೆಟಲ್ ಅಥವಾ ಇಸ್ತ್ರಿ ಬಳಸಿ ಮುಗಿಸಿದ ಕೂಡಲೇ ಸ್ವಿಚ್ ಆರಿಸಿ ಪ್ಲಗ್ ಕಿತ್ತು ನೋಡಿ. ಪಿನ್ನುಗಳು ಕೈಗೆ ಉಗುರುಬೆಚ್ಚಗೆ ಇದ್ದರೆ ತೊಂದರೆ ಇಲ್ಲ, ಹಿಡಿಯಲಾರದಷ್ಟು ಸುಡುತ್ತಿದ್ದರೆ ಆ ಸಾಕೆಟ್ ಕೆಟ್ಟಿದೆ. ಒಂದು ಪಿನ್ನು ಹೊಳೆಯುತ್ತಿದ್ದು ಪಕ್ಕದ್ದು ಕಂದು ಅಥವಾ ನೀಲಿಗಟ್ಟಿದೆಯೇ, ಪಿನ್ನಿನ ಬುಡದಲ್ಲಿ ಪ್ಲಾಸ್ಟಿಕ್ ಮೆತ್ತಗಾಗಿ ಪಿನ್ನು ವಾಲಿದೆಯೇ, ಸಾಕೆಟ್ಟಿನ ತೂತಿನ ಸುತ್ತ ಹಳದಿ ಕಲೆ ಇದೆಯೇ ಗಮನಿಸಿ. ಮೀನಿನ ವಾಸನೆಯಂಥದ್ದು ಬಂದು ಮೂಲ ಗೊತ್ತಾಗದಿದ್ದರೆ ಸ್ವಿಚ್‌ಬೋರ್ಡು ಮೂಸಿ. ಕಾದ ವಿದ್ಯುತ್ ಪ್ಲಾಸ್ಟಿಕ್ಕಿಗೆ ಎಷ್ಟೋ ಸಲ ಆ ವಾಸನೆಯೇ ಇರುತ್ತದೆ. ಪ್ಲಗ್ ಮಾತ್ರ ಬದಲಿಸಿ ಸಾಕೆಟ್ ಹಾಗೇ ಬಿಟ್ಟರೆ ಹೊಸ ಪ್ಲಗ್ಗೂ ಸುಡುತ್ತದೆ. ಎರಡನ್ನೂ ಬದಲಿಸಬೇಕು, ಅದನ್ನು ಎಲೆಕ್ಟ್ರಿಷಿಯನ್ನೇ ಮಾಡಬೇಕು.

ಕೆಂಪು ಹೆಲ್ಮೆಟ್

ಎರಡನೇ ಪ್ರಶ್ನೆಗೆ ಅಗ್ನಿಶಾಮಕ ದಳದ ಕಡೆಯಿಂದ ಉತ್ತರ. ಜನ ಸುಟ್ಟು ಸಾಯುತ್ತಾರೆ ಎಂದೇ ಎಲ್ಲರ ಕಲ್ಪನೆ. ಹೆಚ್ಚಾಗಿ ಸಾಯುವುದು ಹೊಗೆಯಿಂದ. ಹಾಸಿಗೆ, ಸೋಫಾಗಳ ಪಾಲಿಯುರೆಥೇನ್ ಫೋಮ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಬರುತ್ತದೆ. ನಿದ್ದೆಯಲ್ಲಿ ಮೂಗು ಕೆಲಸ ಮಾಡುವುದಿಲ್ಲ, ಹೊಗೆ ವಾಸನೆಗೆ ಎಚ್ಚರವಾಗುತ್ತದೆ ಎಂದು ನಂಬಬೇಡಿ. ಇಂದಿನ ಪೀಠೋಪಕರಣಗಳಿರುವ ಕೋಣೆ ಮೂರರಿಂದ ಐದು ನಿಮಿಷದಲ್ಲಿ ಒಮ್ಮೆಲೇ ಪೂರ್ತಿ ಹೊತ್ತಿಕೊಳ್ಳುವ ಹಂತ ಮುಟ್ಟಬಲ್ಲದು. ಆಗ ಮೇಲಿನ ಹೊಗೆ ಪದರದ ಉಷ್ಣತೆ 600 ಡಿಗ್ರಿ ಸೆಲ್ಸಿಯಸ್ ಆಸುಪಾಸು.

ಇದಕ್ಕೆಲ್ಲ ಎದುರಾಗಿ ನಿಮ್ಮ ಕೈಯಲ್ಲಿರುವುದು ಒಂದು ಬಾಗಿಲು. ಅಮೆರಿಕದ ಸುರಕ್ಷತಾ ಪರೀಕ್ಷಾ ಸಂಸ್ಥೆ ಯುಎಲ್‌ನ ಸಂಶೋಧಕರು ಸುಟ್ಟು ನೋಡಿದ ಪರೀಕ್ಷಾ ಮನೆಗಳಲ್ಲಿ ಬಾಗಿಲು ತೆರೆದಿದ್ದ ಕೋಣೆ 500 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಬಾಗಿಲು ಮುಚ್ಚಿದ್ದ ಕೋಣೆ 40ರ ಒಳಗೇ ಇತ್ತು. ರಾತ್ರಿ ಬಾಗಿಲು ಮುಚ್ಚಿ ಮಲಗಿ. ಓಡುವಾಗಲೂ ಹಿಂದೆ ಬಾಗಿಲು ಎಳೆದುಕೊಂಡೇ ಹೋಗಿ. ಉರಿಯುತ್ತಿರುವುದು ನಿಮ್ಮ ಕೋಣೆಯೇ ಆಗಿದ್ದರೆ ಇಡೀ ಮಹಡಿಯನ್ನು ಉಳಿಸುವ ಕೆಲಸ ಅದೊಂದೇ.

ಅಲಾರ್ಮ್ ಹೊಡೆದರೆ:

1. ಕೋಣೆಯ ಕೀ, ಕಾಲಿಗೆ ಚಪ್ಪಲಿ, ಕೈಗೆಟುಕಿದರೆ ಫೋನ್. ಬೇರೇನೂ ಹುಡುಕಬೇಡಿ. ಕೀ ಯಾಕೆಂದರೆ ಮೆಟ್ಟಿಲಲ್ಲಿ ಹೊಗೆ ತುಂಬಿದ್ದರೆ ವಾಪಸ್ ಕೋಣೆಗೇ ಬರಬೇಕಾಗುತ್ತದೆ, ತಾನಾಗಿ ಬೀಗ ಬೀಳುವ ಬಾಗಿಲಾದರೆ ಹೊರಗೇ ಸಿಕ್ಕಿಬೀಳುತ್ತೀರಿ.
2. ಬಾಗಿಲನ್ನು ಅಂಗೈಯ ಹಿಂಭಾಗದಿಂದ ಮುಟ್ಟಿ. ಮೇಲ್ಭಾಗ, ಹಿಡಿಕೆ, ಸಂದು ಮೂರನ್ನೂ ನೋಡಿ. ಬಿಸಿ ಇದ್ದರೆ ತೆರೆಯಬೇಡಿ.
3. ತಣ್ಣಗಿದ್ದರೆ ಭುಜ ಕೊಟ್ಟು ನಿಧಾನ ತೆರೆಯಿರಿ. ಹೊಗೆ ನುಗ್ಗಿದರೆ ತಕ್ಷಣ ಮುಚ್ಚಿ.
4. ದಾರಿ ಸರಿಯಿದ್ದರೆ ಮೆಟ್ಟಿಲಿಳಿಯಿರಿ. ಲಿಫ್ಟ್ ಬೇಡ. ಸ್ವಲ್ಪ ಹೊಗೆ ಇದ್ದು ಬೇರೆ ದಾರಿಯೇ ಇಲ್ಲದಿದ್ದರೆ ಮೊಣಕಾಲೂರಿ ಗೋಡೆ ಹಿಡಿದು ಸಾಗಿ.
5. ಹೊರಗೆ ಬಂದ ಮೇಲೆ ಅಗ್ನಿಶಾಮಕ ದಳಕ್ಕೆ ಕರೆ ಹೋಗಿದೆಯೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಯಾರೋ ಮಾಡಿರುತ್ತಾರೆ ಎಂದು ಎಲ್ಲರೂ ಸುಮ್ಮನಿರುವುದುಂಟು.

ಹೊರಬರಲಾಗದಿದ್ದರೆ ಬಾಗಿಲ ಕೆಳಸಂದಿಗೆ ಒದ್ದೆ ಟವೆಲ್ಲು, ಬೆಡ್‌ಶೀಟ್ ಒತ್ತಿ. ಫೋನ್ ಮಾಡಿ ಮಹಡಿ, ಕೋಣೆ ಸಂಖ್ಯೆ, ಎಷ್ಟು ಜನ ಇದ್ದೀರಿ ಹೇಳಿ. ಕಿಟಕಿ ಸ್ವಲ್ಪವೇ ತೆರೆದು ಬಣ್ಣದ ಬಟ್ಟೆಯೋ ಫೋನಿನ ಟಾರ್ಚೋ ತೋರಿಸಿ. ಹೊರಗಿನಿಂದಲೇ ಹೊಗೆ ಬರುತ್ತಿದ್ದರೆ ಕಿಟಕಿ ಮುಚ್ಚಿಬಿಡಿ. ಗಾಜು ಒಡೆಯಬೇಡಿ, ಒಡೆದ ಮೇಲೆ ಮುಚ್ಚಲಾಗುವುದಿಲ್ಲ.

ಬಾಗಿಲು ತಪಾಸಣೆ

ಕೆಂಪು ಹೆಲ್ಮೆಟ್ ಸರ್ ಹೇಳಿದ ಬಾಗಿಲಿನ ವಿಷಯಕ್ಕೆ ಸ್ವಲ್ಪ ಸೇರಿಸುತ್ತೇನೆ. ಮೆಟ್ಟಿಲ ಬಳಿ, ಕಾರಿಡಾರಿನ ನಡುವೆ ಇರುವ ಭಾರವಾದ ಬಾಗಿಲುಗಳು ಫೈರ್ ಡೋರ್‌ಗಳು. 30 ಅಥವಾ 60 ನಿಮಿಷ ಬೆಂಕಿ ತಡೆಯಲೆಂದೇ ಮಾಡಿದವು, ಆದರೆ ಮುಚ್ಚಿದ್ದರೆ ಮಾತ್ರ. ಗಾಳಿ ಬರಲಿ ಎಂದು ಇಟ್ಟಿಗೆಯನ್ನೋ ಕುರ್ಚಿಯನ್ನೋ ಅಡ್ಡ ಇಟ್ಟರೆ ಮೆಟ್ಟಿಲಸಾಲು ಹೊಗೆಯ ಕೊಳವೆಯಾಗುತ್ತದೆ. ಮೇಲಿನ ಮಹಡಿಯವರಿಗೆ ಅದೇ ದಾರಿ.

ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಬಾಗಿಲನ್ನು ಪೂರ್ತಿ ತೆರೆದು ಬಿಡಿ, ನಂತರ ಅರ್ಧ, ಆಮೇಲೆ ಒಂದು ಗೇಣಷ್ಟೇ ತೆರೆದು ಬಿಡಿ. ಮೂರು ಸಲವೂ ಕೈ ತಾಗಿಸದೆ ಮುಚ್ಚಿಕೊಂಡು ಚಿಲಕ ‘ಟಕ್’ ಎಂದು ಕೂರಬೇಕು. ಗೇಣಳತೆಯಲ್ಲಿ ಬಿಟ್ಟಾಗ ಚಿಲಕದ ಹತ್ತಿರ ನಿಂತುಬಿಟ್ಟರೆ ಬಾಗಿಲನ್ನು ತಾನಾಗಿ ಮುಚ್ಚುವ ಡೋರ್ ಕ್ಲೋಸರಿನ ಕೊನೆಯ ಹಂತದ ವೇಗದ ಸ್ಕ್ರೂ ಸರಿಪಡಿಸಬೇಕು, ಇಲ್ಲವೇ ಎಣ್ಣೆ ಸೋರಿ ಕ್ಲೋಸರ್ ಕೆಟ್ಟಿದೆ. ಬಾಗಿಲಿಗೂ ಚೌಕಟ್ಟಿಗೂ ನಡುವೆ 3–4 ಮಿ.ಮೀ. ಗಿಂತ ಜಾಸ್ತಿ ಸಂದು ಇರಬಾರದು. ಅಂಚಿನಲ್ಲಿ ಓಡುವ ಪಟ್ಟಿ ಕಾವಿಗೆ ಉಬ್ಬಿ ಸಂದು ಮುಚ್ಚುತ್ತದೆ, ಅದರ ಮಧ್ಯದ ಕುಚ್ಚು ತಣ್ಣನೆಯ ಹೊಗೆಯನ್ನು ತಡೆಯುತ್ತದೆ. ಬಣ್ಣ ಹೊಡೆಯುವವರು ಆ ಕುಚ್ಚಿನ ಮೇಲೂ ಬಳಿದುಬಿಟ್ಟರೆ ಅದು ಗಟ್ಟಿಯಾಗಿ ಕೆಲಸಕ್ಕೆ ಬಾರದು.

ಕಾರಿಡಾರಿನಲ್ಲಿ ಸೈಕಲ್, ರಟ್ಟಿನ ಪೆಟ್ಟಿಗೆ, ಹಳೇ ಹಾಸಿಗೆ ಇಡಬಾರದು ಎಂಬುದನ್ನೂ ಹಾಳೆಯಲ್ಲಿ ಸೇರಿಸಿ. ಹೊಗೆಯಲ್ಲಿ ತೆವಳುವವರ ಕಣ್ಣಿಗೆ ಅವು ಕಾಣುವುದಿಲ್ಲ.

ಹಸಿರು ಮುಳ್ಳು

ಎಕ್ಸ್‌ಟಿಂಗ್ವಿಷರ್ ಪ್ರತಿ ಕೋಣೆಗೂ ಕೊಡಬೇಕು ಅಂತ ನನ್ನ ಅಭಿಪ್ರಾಯ. ಕಸದ ಬುಟ್ಟಿಯಷ್ಟು ಬೆಂಕಿ ಇರುವಾಗಲೇ ಆರಿಸಿದರೆ ಮುಂದಿನದ್ದೇ ಇಲ್ಲ. ಕಾರಿಡಾರಿಗೆ ಓಡಿ ತರುವುದರಲ್ಲಿ ಬೆಂಕಿ ಕೈಮೀರುತ್ತದೆ.

ಕೆಂಪು ಹೆಲ್ಮೆಟ್

ಹಸಿರು ಮುಳ್ಳು ಅವರೇ, ಇದನ್ನು ಒಪ್ಪಲಾರೆ. 2 ಕೆ.ಜಿ. ಪೌಡರ್ ಸಿಲಿಂಡರ್ ಖಾಲಿಯಾಗಲು ಹತ್ತು ಸೆಕೆಂಡಿನ ಆಸುಪಾಸು ಸಾಕು. ತರಬೇತಿ ಇಲ್ಲದವರು ಅದರಲ್ಲಿ ಅರ್ಧವನ್ನು ಜ್ವಾಲೆಯ ತುದಿಗೆ ಹೊಡೆದು ಕಳೆಯುತ್ತಾರೆ. ಕೋಣೆಯೊಳಗೆ ಇಟ್ಟರೆ ಇನ್ನೊಂದು ತೊಂದರೆ: ಅದನ್ನು ತರಲು ಬೆಂಕಿ ದಾಟಿ ಒಳಗೆ ಹೋಗುವ ಆಸೆ ಹುಟ್ಟುತ್ತದೆ. ಕಾರಿಡಾರಿನಲ್ಲಿ, ಮೆಟ್ಟಿಲ ಬಾಗಿಲ ಬಳಿ ಇದ್ದರೆ ತರಲು ಹೋಗುವವರು ಹೊರದಾರಿಯ ಕಡೆಗೇ ಬಂದಿರುತ್ತಾರೆ.

ಹಸಿರು ಮುಳ್ಳು

ಜಾಗದ ಮಾತು ಸರಿ ಸರ್. ಹಾಗಾದರೆ ಕೋಣೆಗೊಂದು ಬೇಡ, ಹತ್ತಿರ ಹತ್ತಿರ ಇಡಿ, ಪ್ರತಿ ಮಹಡಿಯಲ್ಲೂ ನಾಲ್ಕೈದು ಜನಕ್ಕಾದರೂ ಕೈಯಲ್ಲಿ ಹಿಡಿಸಿ ಕಲಿಸಿ. ಪಿನ್ನು ಎಳೆ, ನಳಿಕೆಯನ್ನು ಬೆಂಕಿಯ ಬುಡಕ್ಕೆ ಗುರಿ ಇಡು, ಹಿಡಿ ಒತ್ತು, ಆ ಕಡೆಯಿಂದ ಈ ಕಡೆಗೆ ಬೀಸು. ಶುರುವಿನ ದೂರ 2ರಿಂದ 3 ಮೀಟರ್. ತೀರಾ ಹತ್ತಿರದಿಂದ ಹೊಡೆದರೆ ಒತ್ತಡಕ್ಕೆ ಉರಿಯುತ್ತಿರುವ ಕಾಗದವೇ ಹಾರಿ ಬೇರೆ ಕಡೆ ಬೀಳುತ್ತದೆ. ಅಲಾರ್ಮ್ ಆಗಲೇ ಒತ್ತಿರಬೇಕು, ಬೆನ್ನ ಹಿಂದೆ ಬಾಗಿಲಿರಬೇಕು, ಸಿಲಿಂಡರ್ ಮುಗಿದರೂ ಆರದಿದ್ದರೆ ಬಾಗಿಲು ಎಳೆದುಕೊಂಡು ಹೊರಟುಬಿಡಬೇಕು.

ತಿಂಗಳಿಗೊಮ್ಮೆ ನೋಡುವುದು: ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿದೆಯೇ, ಪಿನ್ನಿನ ಸೀಲ್ ಹಾಗೇ ಇದೆಯೇ, ನಳಿಕೆಯೊಳಗೆ ಕಸ ತುಂಬಿದೆಯೇ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಗೆ ಮುಳ್ಳೇ ಇರುವುದಿಲ್ಲ, ತೂಗಿಯೇ ನೋಡಬೇಕು. ಒಳಗಿನ ಅನಿಲದಲ್ಲಿ ಹತ್ತನೇ ಒಂದು ಭಾಗ ಕಡಿಮೆಯಾಗಿದ್ದರೆ ಮತ್ತೆ ತುಂಬಿಸಬೇಕು. ಅನಿಲ ಹೊರಬರುವ ಅದರ ಕಹಳೆಯಂಥ ಬಾಯಿಯನ್ನು ಬರಿಗೈಯಲ್ಲಿ ಹಿಡಿದರೆ ಚಳಿಗೇ ಚರ್ಮ ಸುಡುತ್ತದೆ. ಪೌಡರ್ ಸಿಲಿಂಡರನ್ನು ‘ಕೆಲಸ ಮಾಡುತ್ತಾ ನೋಡೋಣ’ ಎಂದು ಒಂದು ಕ್ಷಣ ಒತ್ತಿದರೂ ಪುಡಿ ವಾಲ್ವಿನಲ್ಲಿ ಸಿಕ್ಕಿಕೊಂಡು ಒತ್ತಡ ನಿಧಾನವಾಗಿ ಸೋರಿಹೋಗುತ್ತದೆ. ಹಾಗೆ ಒತ್ತಿದ್ದನ್ನು ವಾಪಸ್ ನೇತುಹಾಕಬೇಡಿ, ತುಂಬಿಸಲು ಕಳಿಸಿ.

ಎರಡನೇ ಮಹಡಿ

ಮಹಡಿಯ ಅಡುಗೆಮನೆಗೆ ಯಾವುದು ಇಡಬೇಕು? ಅಲ್ಲಿಯೂ ಪೌಡರೇ?

ಹಸಿರು ಮುಳ್ಳು

ಎಣ್ಣೆ ಬಾಣಲೆಗೆ ಪೌಡರ್ ಒಳ್ಳೆಯದಲ್ಲ. ರಭಸಕ್ಕೆ ಉರಿಯುವ ಎಣ್ಣೆಯೇ ಚೆಲ್ಲಬಹುದು, ಪುಡಿ ತಂಪು ಮಾಡುವುದಿಲ್ಲವಾದ್ದರಿಂದ ಮತ್ತೆ ಹೊತ್ತಿಕೊಳ್ಳುತ್ತದೆ. ಅಡುಗೆ ಎಣ್ಣೆಗೆಂದೇ ವೆಟ್ ಕೆಮಿಕಲ್ ಸಿಲಿಂಡರ್ ಬರುತ್ತದೆ. ವಿದ್ಯಾರ್ಥಿಗಳ ಅಡುಗೆಮನೆಗೆ ಅದಕ್ಕಿಂತ ಸುಲಭವಾದದ್ದು ಫೈರ್ ಬ್ಲಾಂಕೆಟ್ ಮತ್ತು ಬಾಣಲೆಗೆ ಸರಿಹೊಂದುವ ಲೋಹದ ಮುಚ್ಚಳ.

ಎಣ್ಣೆ ಹೊಗೆಯಾಡಲು ಶುರುವಾದರೆ ಅದೇ ಮೊದಲ ಎಚ್ಚರಿಕೆ, ಒಲೆ ಆರಿಸಿ. ಹಾಗೇ ಕಾಯುತ್ತ ಹೋದರೆ 350 ಡಿಗ್ರಿ ದಾಟಿದ ಮೇಲೆ ಕಿಡಿ ಇಲ್ಲದೆಯೇ ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡರೆ ಮುಚ್ಚಳವನ್ನು ನಿಮ್ಮ ಕಡೆಯಿಂದ ಆ ಕಡೆಗೆ ಜಾರಿಸಿ ಮುಚ್ಚಿ, ಒಲೆ ಆರಿಸಿ, ಪೂರ್ತಿ ತಣ್ಣಗಾಗುವ ತನಕ ಬಿಟ್ಟುಬಿಡಿ. ಇಣುಕಿ ನೋಡಲು ತೆರೆದರೆ ಗಾಳಿ ಸಿಕ್ಕಿ ಮತ್ತೆ ಭಗ್ಗೆನ್ನುತ್ತದೆ. ಬಾಣಲೆ ಎತ್ತಿಕೊಂಡು ಹೊರಗೆ ಓಡಬೇಡಿ. ನೀರಂತೂ ಬೇಡ: ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,700 ಲೀಟರ್ ಆಗುತ್ತದೆ. ಅದು ಎಣ್ಣೆಯ ತಳದಲ್ಲಿ ಆವಿಯಾಗಿ ಉರಿಯುವ ಎಣ್ಣೆಯನ್ನು ಚಾವಣಿಗೆ ಚಿಮ್ಮಿಸುತ್ತದೆ.

ಬ್ಯಾಟರಿ ಬೆಂಚು

ಯಾರೂ ಇನ್ನೂ ಬ್ಯಾಟರಿಯ ಮಾತು ಎತ್ತಿಲ್ಲ. ಇಂದಿನ ವಿದ್ಯಾರ್ಥಿ ಕೋಣೆಯಲ್ಲಿ ಲಿಥಿಯಂ ಅಯಾನ್ ಇಲ್ಲದ ಮೂಲೆಯೇ ಇಲ್ಲ: ಫೋನ್, ಲ್ಯಾಪ್‌ಟಾಪ್, ಪವರ್ ಬ್ಯಾಂಕ್, ಟ್ರಿಮ್ಮರ್, ಈಗ ವಿದ್ಯುತ್ ಸ್ಕೂಟರ್, ಸೈಕಲ್. ಒಳಗೆ ಧನ, ಋಣ ಪಟ್ಟಿಗಳನ್ನು ಬೇರೆ ಮಾಡುವುದು ಕೂದಲಿಗಿಂತ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ. ಬಿದ್ದ ಏಟು, ಅತಿಯಾದ ಚಾರ್ಜ್, ತಯಾರಿಕೆಯ ದೋಷ, ಯಾವುದರಿಂದಲಾದರೂ ಅದು ತೂತಾದರೆ ಒಳಗೇ ಶಾರ್ಟ್ ಆಗುತ್ತದೆ. ಕಾವಿನಿಂದ ರಾಸಾಯನಿಕ ಕ್ರಿಯೆ, ಕ್ರಿಯೆಯಿಂದ ಇನ್ನಷ್ಟು ಕಾವು. ಒಂದು ಸೆಲ್ ಪಕ್ಕದ್ದನ್ನು ಸುಡುತ್ತ ಹೋಗುತ್ತದೆ. ಸ್ಕೂಟರಿನ ಪ್ಯಾಕಿನಲ್ಲಿ ಇಂಥ ಸೆಲ್‌ಗಳು ಹತ್ತಾರು ಇರುತ್ತವೆ.

ಗುರುತುಗಳು: ಉಬ್ಬಿದ ಹೊಟ್ಟೆ (ಫೋನಿನ ಪರದೆ ಏಳುತ್ತದೆ, ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಒತ್ತಲು ಗಟ್ಟಿಯಾಗುತ್ತದೆ), ಬಳಸದಿದ್ದರೂ ಬಿಸಿ, ಸಿಹಿಯಾದ ದ್ರಾವಕದಂಥ ವಾಸನೆ, ಬುಸ್ ಎನ್ನುವ ಸದ್ದು. ಬುಸ್ ಎಂದು ಬಿಳಿ ಆವಿ ಬಂದರೆ ಅದನ್ನು ನೀರಿನ ಆವಿ ಎಂದುಕೊಳ್ಳಬೇಡಿ. ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್, ವಿಷಕಾರಿ ಹೈಡ್ರೋಜನ್ ಫ್ಲೋರೈಡ್ ಸೇರಿದ ಅನಿಲ ಅದು. ಹೊತ್ತಿಕೊಂಡರೆ ಕೋಣೆಯ ತುಂಬ ಒಮ್ಮೆಲೇ ಉರಿಯುತ್ತದೆ. ಸಣ್ಣ ಫೋನಾದರೆ ದೂರ ನಿಂತು ಧಾರಾಳ ನೀರು ಸುರಿದು ತಂಪು ಮಾಡಬಹುದು, ಚಾರ್ಜರಿಗೆ ಸಿಕ್ಕಿಸಿದ್ದರೆ ಮೊದಲು ಕರೆಂಟ್ ಆರಿಸಿ. ಸ್ಕೂಟರ್ ಪ್ಯಾಕಾದರೆ ಬಾಗಿಲು ಮುಚ್ಚಿ ಹೊರಗೆ ಹೋಗುವುದೊಂದೇ ದಾರಿ. ಆರಿದಂತೆ ಕಂಡದ್ದು ಗಂಟೆಗಟ್ಟಲೆ ನಂತರ ಮತ್ತೆ ಹೊತ್ತಿಕೊಳ್ಳುವುದೂ ಉಂಟು.

ನಿಯಮಗಳು ಕೆಲವೇ. ದಿಂಬಿನ ಕೆಳಗೆ, ರಜಾಯಿ ಮೇಲೆ ಚಾರ್ಜ್ ಮಾಡಬೇಡಿ, ಕಾವು ಹೊರಹೋಗುವುದಿಲ್ಲ. ಆ ಉಪಕರಣಕ್ಕೆ ಹೇಳಿದ ಚಾರ್ಜರೇ ಬಳಸಿ. ಸ್ಕೂಟರ್ ವಿಷಯದಲ್ಲಿ ಇದು ಜೀವದ ಪ್ರಶ್ನೆ, ಏಕೆಂದರೆ ಪಿನ್ನು ಹೊಂದಿದರೂ ವೋಲ್ಟ್ ಬೇರೆ ಇರಬಹುದು. ಮಲಗಿದಾಗ ಸ್ಕೂಟರ್ ಚಾರ್ಜಿಗೆ ಹಾಕಬೇಡಿ, ಕೋಣೆಯ ಬಾಗಿಲಿಗೂ ನಿಮ್ಮ ಮಂಚಕ್ಕೂ ನಡುವೆ ಎಂದೂ ಇಡಬೇಡಿ. ನನ್ನ ಮಟ್ಟಿಗೆ, ಸ್ಕೂಟರ್ ಬ್ಯಾಟರಿ ಮಲಗುವ ಕಟ್ಟಡದೊಳಗೇ ಬರಬಾರದು. ಹೊರಗೆ ಚಾವಣಿಯಿರುವ ಚಾರ್ಜಿಂಗ್ ಜಾಗವನ್ನು ವಿಶ್ವವಿದ್ಯಾಲಯ ಮಾಡಿಕೊಡಬೇಕು. ಜಾಗ ಕೊಡದೆ ನಿಷೇಧ ಮಾತ್ರ ಹೇರಿದರೆ ಕದ್ದುಮುಚ್ಚಿ ಮಂಚದಡಿ ಚಾರ್ಜ್ ಮಾಡುತ್ತಾರೆ.

ಚಿತ್ರಶಾಲೆ

ಕಲಾ ವಿದ್ಯಾರ್ಥಿಗಳಿರುವ ನಿಲಯಗಳಿಗೆ ಒಂದು ಮಾತು. ಅಗಸೆ ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಿದರೆ ಕಿಡಿಯೇ ಇಲ್ಲದೆ ಹೊತ್ತಿಕೊಳ್ಳಬಹುದು. ಆ ಎಣ್ಣೆ ಒಣಗುವುದೆಂದರೆ ಗಾಳಿಯ ಆಮ್ಲಜನಕದೊಡನೆ ಕೂಡುವುದು, ಕೂಡುವಾಗ ಕಾವು ಹುಟ್ಟುತ್ತದೆ. ಹರಡಿದ ಬಟ್ಟೆಯಲ್ಲಿ ಕಾವು ಚದುರಿಹೋಗುತ್ತದೆ, ಮುದ್ದೆಯ ಒಳಗೆ ಕೂಡಿಕೊಳ್ಳುತ್ತ ಕೆಲವು ಗಂಟೆಗಳಲ್ಲಿ ಉರಿಯ ಮಟ್ಟ ಮುಟ್ಟುತ್ತದೆ. ಬಯಲಲ್ಲಿ ಒಂದೊಂದಾಗಿ ಹರಡಿ ಗಟ್ಟಿಯಾಗುವ ತನಕ ಒಣಗಿಸಿ, ಇಲ್ಲವೇ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ನೀರಿಗೆ ಹಾಕಿಡಿ. ಮರದ ವಾರ್ನಿಷ್, ಪಾಲಿಶ್ ಬಟ್ಟೆಗೂ ಇದೇ.

ಸಿಗರೇಟಿನ ತುಂಡನ್ನು ಹೂಕುಂಡದಲ್ಲಿ ಚುಚ್ಚುವುದೂ ಇಂಥದ್ದೇ. ಕುಂಡದ ಮಿಶ್ರಣದಲ್ಲಿ ಮಣ್ಣಿಗಿಂತ ನಾರು, ಒಣ ಸಸ್ಯಪದಾರ್ಥವೇ ಹೆಚ್ಚು. ಗಂಟೆಗಟ್ಟಲೆ ಒಳಗೊಳಗೇ ಕನಲಿ ಯಾರೂ ಇಲ್ಲದಾಗ ಉರಿಯುತ್ತದೆ.

ಎರಡನೇ ಮಹಡಿ

ನಮ್ಮ ಕಡೆ ಅಲಾರ್ಮ್ ಹೊಡೆದರೂ ಯಾರೂ ಏಳುವುದಿಲ್ಲ. ಅಡುಗೆ ಹೊಗೆಗೋ ಸ್ನಾನದ ಆವಿಗೋ ಹೊಡೆಯುತ್ತದೆ ಅಂತ ಕೆಲವರು ಡಿಟೆಕ್ಟರಿಗೆ ಪ್ಲಾಸ್ಟಿಕ್ ಕವರ್ ಕಟ್ಟಿದ್ದಾರೆ. ಇದಕ್ಕೇನು ಮಾಡುವುದು?

ಕೆಂಪು ಹೆಲ್ಮೆಟ್

2000ರ ಜನವರಿ 19ರ ನಸುಕಿನಲ್ಲಿ ಅಮೆರಿಕದ ನ್ಯೂಜೆರ್ಸಿಯ ಸೀಟನ್ ಹಾಲ್ ವಿಶ್ವವಿದ್ಯಾಲಯದ ಬೋಲಂಡ್ ಹಾಲ್ ನಿಲಯದಲ್ಲಿ ಮೂರನೇ ಮಹಡಿಯ ಪಡಸಾಲೆಯ ಸೋಫಾ ಹೊತ್ತಿತು. ಮೂವರು ವಿದ್ಯಾರ್ಥಿಗಳು ಸತ್ತರು, ಹತ್ತಾರು ಜನ ಗಾಯಗೊಂಡರು. ಅದಕ್ಕೂ ಮೊದಲು ಅಲ್ಲಿ ಮತ್ತೆ ಮತ್ತೆ ಸುಳ್ಳು ಅಲಾರ್ಮ್ ಹೊಡೆದಿದ್ದರಿಂದ ಎಷ್ಟೋ ಜನ ಇದೂ ಹಾಗೇ ಎಂದು ತಿಳಿದು ತಡ ಮಾಡಿದ್ದರು. ಕಟ್ಟಡದಲ್ಲಿ ಬೆಂಕಿಯ ಕಾವಿಗೆ ತಾನಾಗಿ ನೀರು ಸುರಿಸುವ ಸ್ಪ್ರಿಂಕ್ಲರ್ ಇರಲಿಲ್ಲ. ಅದೇ ವರ್ಷ ನ್ಯೂಜೆರ್ಸಿಯಲ್ಲಿ ವಿದ್ಯಾರ್ಥಿ ನಿಲಯಗಳಿಗೆ ಸ್ಪ್ರಿಂಕ್ಲರ್ ಕಡ್ಡಾಯ ಮಾಡುವ ಕಾನೂನು ಬಂತು. ಸುಳ್ಳು ಅಲಾರ್ಮನ್ನು ಕಿರಿಕಿರಿ ಎಂದು ಬಿಡದೆ ದೋಷ ಎಂದು ದಾಖಲಿಸಿ ಸರಿಪಡಿಸಬೇಕು ಅನ್ನುವುದು ಇದಕ್ಕೇ.

ಸರಿಪಡಿಸುವುದು ಕಷ್ಟವಲ್ಲ. ಅಯಾನೀಕರಣ ಮಾದರಿಯ ಡಿಟೆಕ್ಟರ್ ಅಡುಗೆಯ ಕಣ್ಣಿಗೆ ಕಾಣದ ಸಣ್ಣ ಕಣಗಳಿಗೂ ಹೊಡೆಯುತ್ತದೆ. ಅಡುಗೆಮನೆ ಪಕ್ಕದಲ್ಲಿ ಬೆಳಕಿನಿಂದ ಹೊಗೆ ಹಿಡಿಯುವ ಆಪ್ಟಿಕಲ್ ಮಾದರಿ ಹಾಕಿ. ಹಾಸಿಗೆ, ಸೋಫಾ ಕನಲುವ ಹೊಗೆಯನ್ನು ಅದೇ ಬೇಗ ಹಿಡಿಯುತ್ತದೆ. ಅಡುಗೆಮನೆಯ ಒಳಗೇ ಆದರೆ ಕಾವಿನ ಡಿಟೆಕ್ಟರ್. ಸ್ನಾನದ ಮನೆಯ ಬಾಗಿಲಿಗೆ ಎದುರಾಗಿ ಇರುವುದನ್ನು ಪಕ್ಕಕ್ಕೆ ಸರಿಸಿ. ಧೂಳಿದ್ದರೆ ವ್ಯಾಕ್ಯೂಮಿನ ಬ್ರಷ್ ಹಚ್ಚಿ ಎಳೆಯಿರಿ. ನಿಮಿಷಕ್ಕೊಮ್ಮೆ ‘ಕೀಂ’ ಎಂದರೆ ಬ್ಯಾಟರಿ ಮುಗಿಯುತ್ತಿದೆ ಎಂದರ್ಥ. ಹಿಂದೆ ಬರೆದ ತಯಾರಿಕೆಯ ದಿನಾಂಕದಿಂದ 10 ವರ್ಷವಾಗಿದ್ದರೆ ಇಡೀ ಡಿಟೆಕ್ಟರನ್ನೇ ಬದಲಿಸಿ. ಕವರ್ ಕಟ್ಟುವವರಿಗೆ ಒಂದು ಮಾತು ಮುಖಕ್ಕೆ ಹೇಳಿ: ನೀವು ಆರಿಸಿದ್ದು ನಿಮ್ಮದೊಂದೇ ಅಲಾರ್ಮಲ್ಲ, ಪಕ್ಕದ ಕೋಣೆಯಲ್ಲಿ ಮಲಗಿರುವವರದ್ದು ಕೂಡ.

ಎರಡನೇ ಮಹಡಿ

ಸ್ಪ್ರಿಂಕ್ಲರಿಗೆ ಹ್ಯಾಂಗರ್ ನೇತುಹಾಕಬೇಡಿ ಅಂತಾರೆ. ಒಂದು ಒಡೆದರೆ ಇಡೀ ಕಟ್ಟಡದಲ್ಲಿ ನೀರು ಸುರಿಯುತ್ತದಾ?

ಬಾಗಿಲು ತಪಾಸಣೆ

ಇಲ್ಲ, ಅದು ಸಿನಿಮಾದಲ್ಲಿ ಮಾತ್ರ. ನಿಲಯಗಳಲ್ಲಿ ಹಾಕುವ ಮಾಮೂಲಿ ಸ್ಪ್ರಿಂಕ್ಲರ್‌ಗಳು ಒಂದೊಂದೂ ಬೇರೆ ಬೇರೆಯಾಗಿಯೇ ತೆರೆಯುತ್ತವೆ. ಒಳಗೆ ದ್ರವ ತುಂಬಿದ ಪುಟ್ಟ ಗಾಜಿನ ಬಲ್ಬ್ ಇದೆ. ಕೆಂಪು ಬಲ್ಬ್ 68 ಡಿಗ್ರಿ ಸೆಲ್ಸಿಯಸ್‌ಗೆ, ಹಳದಿ 79ಕ್ಕೆ ಒಡೆಯುತ್ತದೆ. ಹೊಗೆಗೆ ಒಡೆಯುವುದಿಲ್ಲ. ಆದರೆ ಹ್ಯಾಂಗರಿನ ಎಳೆತಕ್ಕೆ ಒಡೆಯಬಹುದು, ಆಗ ನಿಮಿಷಕ್ಕೆ ಹತ್ತಾರು ಲೀಟರ್ ನೀರು ಕೋಣೆಗೆ ಸುರಿಯುತ್ತದೆ. ಕಪಾಟಿನ ಮೇಲೆ ಪೆಟ್ಟಿಗೆ ಪೇರಿಸುವವರು ಸ್ಪ್ರಿಂಕ್ಲರಿನ ಕೆಳಗೆ 45 ಸೆಂ.ಮೀ. ಖಾಲಿ ಬಿಡಬೇಕು, ಇಲ್ಲದಿದ್ದರೆ ನೀರು ಹರಡಿ ಬೀಳಲು ಜಾಗವಿರುವುದಿಲ್ಲ.

ಕಿವಿಮಾತು

ಕಿವಿ ಸರಿಯಾಗಿ ಕೇಳದ ವಿದ್ಯಾರ್ಥಿಗಳನ್ನು ಮರೆಯಬೇಡಿ. ಮಾಮೂಲಿ ಡಿಟೆಕ್ಟರಿನ ಸದ್ದು 3,000 ಹರ್ಟ್ಸ್ ಆಸುಪಾಸಿನ ಕೀರಲು ದನಿ, ಶ್ರವಣದೋಷವಿರುವ ಬಹಳ ಜನರಿಗೆ ಕೇಳದಿರುವುದು ಆ ಶ್ರೇಣಿಯೇ. 520 ಹರ್ಟ್ಸಿನ ತಗ್ಗು ದನಿಯ ಅಲಾರ್ಮ್‌ಗಳು ಸಿಗುತ್ತವೆ, ಗಾಢ ನಿದ್ದೆಯಲ್ಲಿರುವ ಬೇರೆಯವರನ್ನೂ ಅವು ಚೆನ್ನಾಗಿ ಎಬ್ಬಿಸುತ್ತವೆ. ಪೂರ್ತಿ ಕೇಳದವರಿಗೆ ಮಿನುಗುವ ದೀಪದ ಜೊತೆ ದಿಂಬಿನ ಕೆಳಗಿಡುವ ಕಂಪಕ ಬೇಕು, ಮಲಗಿದವರನ್ನು ಬರೀ ದೀಪ ಎಬ್ಬಿಸುತ್ತದೆ ಎಂದು ನಂಬಲಾಗದು. ಗಾಲಿಕುರ್ಚಿ ಬಳಸುವವರಿಗೆ ಲಿಫ್ಟ್ ನಿಂತಾಗ ಎಲ್ಲಿ ಕಾಯಬೇಕು, ಮೆಟ್ಟಿಲಲ್ಲಿ ಇಳಿಸುವ ಕುರ್ಚಿ ಎಲ್ಲಿದೆ, ಅದನ್ನು ಬಳಸಲು ಬಲ್ಲವರು ಯಾರು ಎಂಬುದನ್ನು ಅವರೊಡನೆ ಕೂತು ಬರೆದಿಡಿ. ಸಾಧ್ಯವಾದರೆ ನೆಲಮಹಡಿಯ ಕೋಣೆ ಕೊಡಿ, ಆದರೆ ಕೇಳಿ ಕೊಡಿ.

ವಸತಿ ಸಮಿತಿ

ಎಲ್ಲರಿಗೂ ಧನ್ಯವಾದ. ಒಂದು ಕಷ್ಟದ ಪ್ರಶ್ನೆ ಉಳಿದಿದೆ. ಭದ್ರತೆಗಾಗಿ ರಾತ್ರಿ ಹಿಂಬಾಗಿಲಿಗೆ ಬೀಗ ಹಾಕುತ್ತಾರೆ, ಕೀ ಕಾವಲುಗಾರರ ಬಳಿ ಇರುತ್ತದೆ. ತೆಗೆಸಿ ಎಂದರೆ ಕಳ್ಳತನದ ಮಾತು ಬರುತ್ತದೆ.

ಬಾಗಿಲು ತಪಾಸಣೆ

ಇದರಲ್ಲಿ ರಾಜಿ ಬೇಡ. ಒಳಗಿರುವವರು ಕೀ ಇಲ್ಲದೆ, ಕತ್ತಲಲ್ಲಿ, ಒಂದೇ ತಳ್ಳಿಗೆ ತೆರೆಯಲಾಗದ ಬಾಗಿಲು ತುರ್ತು ಬಾಗಿಲೇ ಅಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಕೀ ಇಟ್ಟರೂ ಸಾಲದು, ಹೊಗೆಯಲ್ಲಿ ಕೀ ತೂತು ಹುಡುಕಲಾಗುವುದಿಲ್ಲ. ಕಳ್ಳತನದ ಭಯಕ್ಕೆ ಬೇರೆ ಪರಿಹಾರವಿದೆ. ಹೊರಗಿನಿಂದ ತೆರೆಯದ, ಒಳಗಿನಿಂದ ಅಡ್ಡಪಟ್ಟಿ ತಳ್ಳಿದರೆ ತೆರೆದುಕೊಳ್ಳುವ ಪ್ಯಾನಿಕ್ ಬಾರ್ ಹಾಕಿಸಿ, ತೆರೆದ ಕೂಡಲೇ ಕಾವಲು ಕೋಣೆಯಲ್ಲಿ ಗಂಟೆ ಬಾರಿಸುವಂತೆ ಮಾಡಿಸಿ. ಕಾಂತೀಯ ಬೀಗವಾದರೆ ಫೈರ್ ಅಲಾರ್ಮ್ ಹೊಡೆದಾಗ ಮತ್ತು ಕರೆಂಟ್ ಹೋದಾಗ ತಾನಾಗಿ ಬಿಟ್ಟುಕೊಳ್ಳಬೇಕು. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ, ಅಲಾರ್ಮಿನ ವೈರ್ ಜೋಡಿಸದೆ ಬಿಟ್ಟಿರುವುದು ಆಗಲೇ ಹೊರಬೀಳುವುದು. ಕಿಟಕಿಯ ಸರಳುಗಳಿಗೂ ಒಳಗಿನಿಂದ ತೆರೆಯುವ ಒಂದು ಭಾಗ ಇರಲಿ.

ಕೆಂಪು ಹೆಲ್ಮೆಟ್

ಅಣಕು ಕವಾಯತಿನಲ್ಲಿ ಇದನ್ನೇ ಪರೀಕ್ಷೆಗಿಡಿ. ವರ್ಷದ ಶುರುವಿನ ಕೆಲವೇ ವಾರಗಳಲ್ಲಿ ಒಂದು ಕವಾಯತು ಇರಲಿ, ವರ್ಷದ ಕವಾಯತುಗಳಲ್ಲಿ ಒಂದಾದರೂ ಕತ್ತಲಾದ ಮೇಲೆ ನಡೆಯಲಿ. ಒಂದು ಸಲ ಮುಖ್ಯ ಮೆಟ್ಟಿಲಿಗೆ ‘ಇಲ್ಲಿ ಹೊಗೆ’ ಎಂಬ ಫಲಕ ಅಡ್ಡ ಇಡಿ. ಜನ ಬಂದ ದಾರಿಯಲ್ಲೇ ಹೊರಗೆ ಹೋಗಲು ನೋಡುತ್ತಾರೆ, ಎರಡನೇ ಮೆಟ್ಟಿಲು ಎಷ್ಟು ಜನಕ್ಕೆ ಗೊತ್ತಿದೆ ಎಂಬುದು ಅಂದೇ ತಿಳಿಯುತ್ತದೆ. ಸೇರುವ ಜಾಗದಲ್ಲಿ ಮಹಡಿವಾರು ಹೆಸರು ಕೂಗಿ. ಕಾಣದವರ ಕೋಣೆ ಸಂಖ್ಯೆಯನ್ನು ಅಗ್ನಿಶಾಮಕ ದಳಕ್ಕೆ ಹೇಳಬೇಕೇ ಹೊರತು ಹುಡುಕಲು ಸ್ನೇಹಿತರನ್ನು ಒಳಗೆ ಬಿಡಬಾರದು.

ಎರಡನೇ ಮಹಡಿ

ಕೊನೆಯದು. ಅಲಾರ್ಮ್ ನಿಂತ ಮೇಲೆ ಒಳಗೆ ಹೋಗಬಹುದಲ್ವಾ?

ಕೆಂಪು ಹೆಲ್ಮೆಟ್

ಅಲಾರ್ಮ್ ನಿಂತಿತು ಎಂದರೆ ಯಾರೋ ಸದ್ದು ಆರಿಸಿದ್ದಾರೆ ಎಂದಷ್ಟೇ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಾವು ಮೀಟರ್ ಹಿಡಿದು ಪ್ರತಿ ಮಹಡಿ ನೋಡಿ, ಗೋಡೆ, ಚಾವಣಿಯೊಳಗೆ ಕಾವು ಉಳಿದಿಲ್ಲ ಎಂದು ಖಚಿತವಾದ ಮೇಲೆ ಉಸ್ತುವಾರಿ ಅಧಿಕಾರಿ ಬಾಯಿಬಿಟ್ಟು ‘ಹೋಗಿ’ ಎನ್ನುತ್ತಾರೆ. ಅಲ್ಲಿಯವರೆಗೆ ಬಾಗಿಲಿಂದ ದೂರ, ನಮ್ಮ ಗಾಡಿಗಳ ದಾರಿಗೆ ಅಡ್ಡ ಬರದಂತೆ ನಿಂತಿರಿ.